ದೋಣಿಯಕ್ಕ ಲಂಗರು ಬಿಡಿಸಿದ ದಿನ

ನನ್ನ ಮೊಮ್ಮಗಳಿಗೆ ಬೀದರಿನಲ್ಲಿ ದನದ ಡಾಕ್ಟರ್ ಓದಲು ಸೀಟು ಸಿಕ್ಕಿತು ಎಂದು ಫೋನು ಬಂದಾಗ ಮನೆಯಲ್ಲಿ ನನ್ನನ್ನು ಬಿಟ್ಟರೆ ಯಾರೂ ಇರಲಿಲ್ಲ. ಹೀಗಾಗಿ ಮೊದಲು ನಮ್ಮ ಎಮ್ಮೆಗೆ ಹೇಳಿದೆ. ಅದು ಮೇವು ಬಿಟ್ಟು ತಲೆ ಎತ್ತಿ ನೋಡಿತು. ಇನ್ನು ಮೇಲೆ ನಿನ್ನ ಜ್ವರ, ನಿನ್ನ ಕೆಚ್ಚಲು ಬಾವು ಎಲ್ಲ ನಮ್ಮ ಮನೆಯವಳೇ ನೋಡುತ್ತಾಳೆ ಎಂದು ಅದರ ಹಣೆ ಸವರಿದೆ. ಆಮೇಲೆ ಓಣಿಗೆಲ್ಲ ಹೇಳಿದೆ. ಮರುದಿನ ಶಹಾಪುರದ ಬಸ್ಸಿನಲ್ಲಿ ಕಂಡಕ್ಟರನಿಗೆ ಹೇಳಿದೆ. ಕೆಂಭಾವಿ ಸಂತೆಯಲ್ಲಿ ಬದನೆಕಾಯಿ ಮಾರುವವಳಿಗೆ ಹೇಳಿದೆ, ಅವಳು ಸಂತೋಷಕ್ಕೆ ಒಂದು ಹಿಡಿ ಹಸಿಮೆಣಸಿನಕಾಯಿ ಹೆಚ್ಚಿಗೆ ಹಾಕಿದಳು. ಸುರಪುರದಲ್ಲಿರುವ ನನ್ನ ತಮ್ಮನಿಗೆ ಬೆಳಿಗ್ಗೆ ಫೋನು ಮಾಡಿ ಹೇಳಿದ್ದು ಮರೆತು ಸಂಜೆ ಮತ್ತೆ ಮಾಡಿದೆ.

"ಮುಂಜಾನೇನೇ ಹೇಳಿದ್ಯಲ್ಲಬೇ," ಎಂದ.

"ಇನ್ನೊಮ್ಮೆ ಕೇಳು, ನಿನ್ನ ಗಂಟೇನು ಹೋಗತದ," ಎಂದೆ.

ಎಲ್ಲರಿಗೂ ಹೇಳಿ ಮುಗಿದರೂ ಎದೆಯೊಳಗೆ ಇನ್ನೂ ಉಕ್ಕುತ್ತಲೇ ಇತ್ತು. ಯಾಕೆಂದು ಯೋಚಿಸಿದರೆ ತಿಳಿಯಿತು. ಈ ಸುದ್ದಿ ಮೊದಲು ಕೇಳಬೇಕಾದವಳು ಒಬ್ಬಳಿದ್ದಳು. ಆಕೆ ಹೋದ ಚಳಿಗಾಲದಲ್ಲಿ ತೀರಿಕೊಂಡಳು. ನಾನು ಓದಿದ್ದು ಮೂರನೆಯ ಇಯತ್ತೆ. ಆದರೂ ಆಕೆಯ ಬಗ್ಗೆ ಬರೆಯದೆ ಈ ಸಂತೋಷ ನನ್ನಲ್ಲಿ ಇಂಗುವುದಿಲ್ಲ.

ಆಕೆಗೆ ಹೆಸರಿತ್ತು. ಬರೆಯುವುದಿಲ್ಲ. ಆಕೆಯೇ ಹೇಳಗೊಡುತ್ತಿರಲಿಲ್ಲ. ಕೃಷ್ಣಾ ಹೊಳೆಯ ಈ ದಂಡೆಗೆ ನಮ್ಮ ಶಹಾಪುರ ತಾಲೂಕು, ಆ ದಂಡೆಗೆ ದೇವದುರ್ಗದ ಸೀಮೆ. ಈಗ ಸೇತುವೆ ಇದೆ, ಟಂಟಂ ಹತ್ತಿದರೆ ಎಲೆ ಅಡಿಕೆ ಹಾಕಿ ಉಗುಳುವುದರೊಳಗೆ ಆಚೆ ದಂಡೆ. ಆಗ ನಮ್ಮೂರ ಕಡವಿನಲ್ಲಿ ಆಕೆಯ ದೋಣಿ ಒಂದೇ. ಗಂಡ ಸತ್ತ ಮೇಲೆ ಮೈದುನರು ದೋಣಿ ಹಂಚಿಕೊಳ್ಳಲು ಕೂತಾಗ, ಆಕೆ ಹೋಗಿ ಹುಟ್ಟು ಕೈಗೆ ತೆಗೆದುಕೊಂಡು ಹೊಳೆಗಿಳಿದಳಂತೆ. ಅವರು ದಂಡೆಯ ಮೇಲೆ ಮಾತಾಡುತ್ತಲೇ ಇದ್ದರಂತೆ. ಅಂದಿನಿಂದ ಎಲ್ಲರಿಗೂ ಆಕೆ ದೋಣಿಯಕ್ಕ. ನನಗಿಂತ ಹತ್ತು ಹನ್ನೆರಡು ವರ್ಷ ಹಿರಿಯಳು. ಗಿಡ್ಡ ಆಳು, ಗಂಡಸರಂಥ ಮಣಿಕಟ್ಟು, ಕಚ್ಚೆ ಹಾಕಿ ಮೊಳಕಾಲಿಗೆ ಎತ್ತಿಕಟ್ಟಿದ ಸೀರೆ.

ದೋಣಿಯಲ್ಲಿ ಯಾರೂ ಯಾರ ಹೆಸರೂ ಹಿಡಿದು ಕರೆಯಬಾರದು, ಅದು ಆಕೆಯ ಕಟ್ಟಳೆ. "ನೀರಿನ ಮ್ಯಾಲ ಹೆಸರ ಹಿಡೀಬ್ಯಾಡ್ರಿ. ಹೊಳಿಗಿ ಕಿವಿ ಅವ," ಎನ್ನುತ್ತಿದ್ದಳು. ಹಾಗಾಗಿ ಆಕೆ ಜನರನ್ನು ಅವರು ತಂದ ಸಾಮಾನಿನ ಮೇಲೆ ಕರೆಯುತ್ತಿದ್ದಳು. "ಏ ಮೆಣಸಿನಕಾಯಿ ಚೀಲದ ಅಣ್ಣಾ, ಆ ಕಡಿ ಸರಿ." "ಕೋಳಿಬುಟ್ಟಿ ಯವ್ವಾ, ಕಾಲ ಒಳಗ ತಗೋ." ಒಮ್ಮೆ ನಮ್ಮೂರ ಗೌಡರು ಕೈಯಲ್ಲಿ ಏನೂ ಇಲ್ಲದೆ ಹತ್ತಿದರು. ಆಕೆ ಮೇಲಿಂದ ಕೆಳಗೆ ನೋಡಿ, "ಏ ಮೀಸಿ ಯಪ್ಪಾ, ನಡುವ ಕೂಡು," ಎಂದಳು. ಗೌಡರು ತೆಪ್ಪಗೆ ಕೂತರು.

ಇನ್ನು ಆಕೆಯ ಲಂಗರು. ದೋಣಿಯನ್ನು ನೀರಿನಲ್ಲಿ ನಿಲ್ಲಿಸಲು ಹಗ್ಗಕ್ಕೆ ಕಟ್ಟಿ ತಳಕ್ಕೆ ಬಿಡುವ ಕಬ್ಬಿಣ. ಹಳೆಯ ಬಂಡಿಗಾಲಿಯ ಪಟ್ಟಿ ಬಗ್ಗಿಸಿ ಕಮ್ಮಾರ ಮಾಡಿಕೊಟ್ಟದ್ದು, ನಾಲ್ಕೂ ಕಡೆ ಕೊಕ್ಕೆ. ಮಳೆಗಾಲದಲ್ಲಿ ಹೊಳೆ ತುಂಬಿ ದೋಣಿ ದಂಡೆಗೆ ಬಿದ್ದಾಗ ಅದನ್ನು ತೊಳೆದು, ಎಣ್ಣೆ ಹಚ್ಚಿ, ಒಲೆಯ ಪಕ್ಕ ಬೆಚ್ಚಗೆ ಇಡುತ್ತಿದ್ದಳು. ಓಣಿಯ ಹೆಂಗಸರಿಗೆ ನಗೆ. "ಯಕ್ಕನ ಗಂಡ ಒಲಿ ಮುಂದ ಮಲಗ್ಯಾನ ನೋಡ್ರಬೇ," ಎಂದು ಒಬ್ಬಳು ಕಿಚಾಯಿಸಿದರೆ, ಆಕೆ ರೊಟ್ಟಿ ತಟ್ಟುವುದನ್ನು ನಿಲ್ಲಿಸದೆಯೇ, "ಹೌದು ಯವ್ವಾ. ನಿಮ್ಮ ಗಂಡಂದಿರಂಗ ಅಲ್ಲ ಇವ. ಕಳಸಿದಲ್ಲಿ ಹೋಗ್ತಾನ, ಕರದಾಗ ಬರ್ತಾನ," ಎನ್ನುತ್ತಿದ್ದಳು.

ಆದರೆ ಕಬ್ಬಿಣಕ್ಕೆ ಜೀವ ಬಿಡುವವಳು ಎಂದು ತಿಳಿಯಬೇಡಿ. ಒಂದು ಸಲ ಕುರಿಗಾರನ ಮರಿಗಳನ್ನು ದಾಟಿಸುವಾಗ ನಾನೂ ದೋಣಿಯಲ್ಲಿದ್ದೆ. ಬಿಸಿಲಿಗೆ ಮರಿಗಳು ಒದ್ದಾಡಿದವೆಂದು ಒಂದು ಕಲ್ಲುಗುಡ್ಡೆಯ ನೆರಳಿಗೆ ಲಂಗರು ಇಳಿಬಿಟ್ಟು ನಿಲ್ಲಿಸಿದ್ದಳು. ಅಷ್ಟರಲ್ಲಿ ಮೇಲಿನಿಂದ ನೀರು ಬಂತು. ಬಣ್ಣ ಬದಲಾದದ್ದು ನಮಗೆ ಕಾಣುವ ಮೊದಲೇ ಆಕೆ ಕುಡುಗೋಲು ಎತ್ತಿ ಹಗ್ಗ ಕಡಿದುಹಾಕಿದ್ದಳು.

"ಯಕ್ಕಾ, ಲಂಗರ!" ಎಂದು ಕುರಿಗಾರ ಕೂಗಿದ.

"ಅದೇನ ಮರಿ ಹಾಕತದೇನೋ? ಹೋಗ್ಲಿ. ನೀ ನಿನ್ನ ಕುರಿ ಹಿಡಕೋ!"

ದಂಡೆ ಮುಟ್ಟಿದ ಮೇಲೆ ಹಿಂದೆ ತಿರುಗಿ ಕೂಡ ನೋಡಲಿಲ್ಲ. ಕಮ್ಮಾರನಿಗೆ ಇನ್ನೊಂದು ಮಾಡಲು ಹೇಳಿ, ಬಾವಿಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡಳು. ಇಂಥವಳು ಒಂದು ದಿನ ಲಂಗರಿನ ಹಗ್ಗ ಕಡಿಯುವುದಿಲ್ಲ ಎಂದು ಹಟ ಹಿಡಿದು ನಡುಹೊಳೆಯಲ್ಲಿ ಕೂತಳು. ಅದನ್ನೇ ಹೇಳಬೇಕಾಗಿದೆ ನನಗೆ.

ನನ್ನ ಮಗಳನ್ನು ಆಚೆ ದಂಡೆಯ ಊರಿಗೆ ಕೊಟ್ಟಿದ್ದೆ. ಚೊಚ್ಚಲ ಬಾಣಂತನ ನಮ್ಮ ಮನೆಯಲ್ಲಿ. ಹುಟ್ಟಿದ್ದು ಹೆಣ್ಣು. ಬೀಗರಿಗೆ ಸುದ್ದಿ ಮುಟ್ಟಿಸಿದ ವಾರವೇ ಅವರ ಜೋಡೆತ್ತಿನಲ್ಲಿ ಒಂದು ಹೊಟ್ಟೆ ಉಬ್ಬಿ ಸತ್ತಿತು. ಬೀಗತಿ, ಅಂದರೆ ನನ್ನ ಅಳಿಯನ ತಾಯಿ, ಕೂಸು ನೋಡಲು ತಡಮಾಡಿ ಬಂದಳು. ಬಂದವಳು ತೊಟ್ಟಿಲೊಳಗೆ ಬಗ್ಗಿ ನೋಡಿ, "ಮಾರಿ ನಮ್ಮನಿದೇ ಅದ. ಕಾಲ ಹ್ಯಾಂಗ ಅವೋ," ಎಂದಳು.

ಓದುವವರಿಗೆ ಈ ಮಾತಿನ ತೂಕ ಗೊತ್ತಿರಲಿ. ಹೊಸ ಸೊಸೆ ಬರಲಿ, ಹೊಸ ಕೂಸು ಬರಲಿ, ನಮ್ಮಲ್ಲಿ ಕಾಲ್ಗುಣ ನೋಡುತ್ತಾರೆ. ಬಂದ ಮೇಲೆ ಮಳೆಯಾದರೆ ಅದರದೇ ಪುಣ್ಯ, ಎತ್ತು ಸತ್ತರೆ ಅದರದೇ ಪಾಪ. ಕಾಲ್ಗುಣ ಕೆಟ್ಟದ್ದು ಎಂಬ ಮಾತು ಒಮ್ಮೆ ಬಿತ್ತೆಂದರೆ ಆ ಹುಡುಗಿ ತಲೆ ಎತ್ತುವಂತಿಲ್ಲ. ಹಾಲು ಒಡೆದರೂ ಅವಳ ಕಡೆ ನೋಡುತ್ತಾರೆ. ನನ್ನ ಮೊಮ್ಮಗಳ ಮೇಲೆ ಆ ಮಾತು ಅರ್ಧ ಬಿದ್ದಾಗಿತ್ತು. ಇನ್ನರ್ಧ, ಕೂಸು ಆ ಮನೆಯ ಹೊಸ್ತಿಲು ದಾಟುವ ದಿನಕ್ಕೆ ಕಾದಿತ್ತು.

ದೀವಳಿಗೆ ಮುಗಿದ ಮೇಲೆ ಕೂಸನ್ನೂ ತೊಟ್ಟಿಲನ್ನೂ ಕಳಿಸುವ ದಿನ ಗೊತ್ತಾಯಿತು. ಬೀಗತಿ, ಆಕೆಯ ಹಿರಿಮಗ, ಅವರ ಕಡೆಯ ನಾಲ್ಕಾರು ಮಂದಿ ಕರೆದೊಯ್ಯಲು ಬಂದರು. ನಮ್ಮ ಕಡೆಯಿಂದ ನಾನು, ನನ್ನ ಮಗಳು, ಓಣಿಯ ಒಂದಿಷ್ಟು ಮುತ್ತೈದೆಯರು. ಹಿಂದೆ ಅಕ್ಕಿ, ಬೇಳೆ, ಉಂಡಿಯ ಬುಟ್ಟಿಗಳು. ದೋಣಿ ತುಂಬಿತು. ಹೊಳೆ ತುಂಬಿದ್ದರೂ ಅಂದು ತೊಟ್ಟಿಲಲ್ಲಿ ಮಲಗಿದ ಹಾಗೆ ಶಾಂತವಾಗಿತ್ತು. ಅಳಿಯ ಆಚೆ ದಂಡೆಯಲ್ಲಿ ಬಂಡಿ ಹೂಡಿಕೊಂಡು ನಿಂತಿದ್ದ. ದೀಪ ಹಚ್ಚುವುದಕ್ಕೆ ಮೊದಲು ಕೂಸು ಮನೆ ಸೇರಬೇಕು, ಅದು ಹಿರಿಯರು ಹಾಕಿದ ಹೊತ್ತು.

ಹೊಸ ಕೂಸು ಮೊದಲ ಸಲ ಹೊಳೆ ದಾಟುವಾಗ ಗಂಗವ್ವನಿಗೆ ಉಡಿ ತುಂಬುವುದು ಎಲ್ಲರೂ ಮಾಡುವುದೇ. ಕೆಲವರು ದಂಡೆಯಲ್ಲಿ, ಕೆಲವರು ನೀರಿನಲ್ಲಿ. ಹೊಳೆಯ ನಟ್ಟನಡುವೆ ಬಂದಾಗ ಬೀಗತಿ ಕೈ ಎತ್ತಿದಳು.

"ಯಕ್ಕಾ, ನಿಲ್ಲಸು. ಇಲ್ಲೇ ತುಂಬೋದು."

"ಇಲ್ಲಿ ಬ್ಯಾಡ್ರಿ ಅವ್ವಾರ. ತಳದಾಗ ಎಲ್ಲಾ ಕಲ್ಲ ಅವ. ಇನ್ನಾ ಸ್ವಲ್ಪ ಮುಂದ ಉಸುಕ ಅದ, ಅಲ್ಲಿ ನಿಲ್ಲಸ್ತೀನಿ."

"ಮುಂದ ಹೋದ್ರ ದಂಡಿ ಹತ್ತರ ಆಗತದ. ನಮ್ಮ ಮನ್ಯಾಗ ನಡುಹೊಳಿಯಾಗೇ ತುಂಬತೀವಿ. ನಮ್ಮ ಅತ್ತಿ ಕಾಲದಿಂದ ನಡಕೋಂತ ಬಂದದ."

"ನಿಮ್ಮ ಅತ್ತಿಯವರು ಬಂದಾಗ ನಮ್ಮ ಮಾವ ಲಂಗರ ಹಾಕಿದ್ನಂತ್ರಿ. ಅವನೂ ಬೈಕೋತೇ ಹಾಕಿದ್ನಂತ."

ಎಲ್ಲರೂ ನಕ್ಕರು. ಬೀಗತಿ ನಗಲಿಲ್ಲ. ದೋಣಿಯಕ್ಕ ನನ್ನ ಮುಖ ನೋಡಿದಳು. ಹೆಣ್ಣು ಕೊಟ್ಟವಳು ನಾನು, ಏನು ಹೇಳಲಿ? ಕಣ್ಣಿನಲ್ಲೇ ಹಾಕಿಬಿಡು ಎಂದೆ. ಲಂಗರು ಗುಳುಂ ಎಂದು ಇಳಿಯಿತು. ಮುತ್ತೈದೆಯರು ಅರಿಶಿನ, ಕುಂಕುಮ, ಹಸಿರು ಬಳೆ, ಕುಪ್ಪಸದ ಕಣ, ಕಾಯಿ ಎಲ್ಲ ಎಲೆಯ ಮೇಲಿಟ್ಟು ನೀರಿಗೆ ಬಿಟ್ಟರು. ಕೂಸಿನ ನೆತ್ತಿಗೆ ಹೊಳೆಯ ನೀರು ಮುಟ್ಟಿಸಿದೆವು. ಅದು ಅಳಲಿಲ್ಲ, ನೆತ್ತಿಯ ಮೇಲೆ ಯಾರಪ್ಪಾ ಎಂಬಂತೆ ಕಣ್ಣು ಮೇಲೆ ಮಾಡಿತು. ಎಷ್ಟು ಚಂದ ಕಾಣುತ್ತಿತ್ತು ಎಂದರೆ, ಬಿಡಿ, ಅದನ್ನು ಬರೆಯಲು ಕೂತರೆ ಲಂಗರು ತಳದಲ್ಲೇ ಉಳಿಯುತ್ತದೆ.

ಉಳಿದೇ ಬಿಟ್ಟಿತು. ದೋಣಿಯಕ್ಕ ಹಗ್ಗ ಎಳೆದಳು, ಬರಲಿಲ್ಲ. ಹುಟ್ಟು ಹಾಕಿ ದೋಣಿಯನ್ನು ಹರಿವಿಗೆ ಎದುರಾಗಿ ಮುಂದೆ ಒಯ್ದು ಆ ಕಡೆಯಿಂದ ಎಳೆದಳು. ಎಡಕ್ಕೆ ಹೋಗಿ ಎಳೆದಳು, ಬಲಕ್ಕೆ ಬಂದು ಎಳೆದಳು. ಹಗ್ಗ ಸಡಿಲ ಬಿಟ್ಟು ಜಗ್ಗಿದಳು. ಕೊಕ್ಕೆ ಯಾವ ಕಲ್ಲಿನ ಸಂದಿಯಲ್ಲಿ ಹೊಕ್ಕಿತ್ತೋ, ಅಲುಗಲಿಲ್ಲ.

"ಸಿಕ್ಕೊಂತೇನು?" ಎಂದು ಬೀಗತಿಯ ಹಿರಿಮಗ ಕೇಳಿದ. ತಲೆಗೆ ಜರಿ ರುಮಾಲು, ಮಡಿಕೆ ಮುರಿಯದ ಧೋತರ.

"ಹಂಗನಬ್ಯಾಡಪ್ಪಾ. ಗಂಗವ್ವ ಕೈ ಹಿಡದು ಮಾತಾಡ್ಲಾಕತ್ಯಾಳ. ಮುಗೀಲಿ."

ಮಾತು ಮುಗಿಯಲಿಲ್ಲ. ಬಿಸಿಲು ಹಳದಿಯಾಯಿತು. ಆಚೆ ದಂಡೆಯಿಂದ ಅಳಿಯ ಕೈ ಬೀಸಿ ಏನೋ ಕೂಗುತ್ತಿದ್ದ, ಗಾಳಿಗೆ ಕೇಳುತ್ತಿರಲಿಲ್ಲ. ಜರಿ ರುಮಾಲಿನವನಿಗೆ ತಾಳ್ಮೆ ಹೋಯಿತು.

"ಕಡದ ಹಾಕು ಯಕ್ಕಾ ಹಗ್ಗ. ನಿನಗ ಇಂಥಾದ್ದೇ ಇನ್ನೊಂದು ಲಂಗರ ನಾ ಮಾಡಿಸಿ ಕೊಡ್ತೀನಿ. ಹೊತ್ತ ಮುಳಗಾಕ ಬಂತು."

"ಅದೂ ಖರೇ," ಎಂದಳು ದೋಣಿಯಕ್ಕ. ಕುಡುಗೋಲು ತೆಗೆದು ಹಗ್ಗದ ಮೇಲೆ ಇಟ್ಟೂಬಿಟ್ಟಳು. ಅಷ್ಟರಲ್ಲಿ ಬೀಗತಿಯ ಬಾಯಿ ತೆರೆಯಿತು.

"ಕಡೀರಿ, ಕಡೀರಿ. ತೊಟ್ಟಲ ಮುಂದ ಹಗ್ಗ ಕಡಿಸಿಕೊಂಡು ಮನಿಗಿ ಬರೋ ಕೂಸು ನಮ್ಮ ವಂಶದಾಗ ಇದೇ ಮೊದಲು. ಹುಟ್ಟಿದ ವಾರಕ್ಕ ಎತ್ತ ತಿಂತು. ಈಗ ಹೊಸ್ತಿಲ ತುಳಿಯಾಕ ಮೊದಲೇ ಗಂಗವ್ವ ತಡದಾಳ. ಕಾಲ್ಗುಣ ಅನ್ನೋದು ಮುಚ್ಚಿಟ್ರ ಮುಚ್ಚತದೇನು?"

"ಅದಕ್ಕ ಇನ್ನಾ ಕಾಲ ಊರಾಕೇ ಬರಾಂಗಿಲ್ಲ ಬೀಗತೀ," ಎಂದೆ ನಾನು. ನನ್ನ ಮಗಳು ಸೆರಗಿನಿಂದ ಕೂಸಿನ ಪಾದ ಮುಚ್ಚಿದಳು.

ದೋಣಿಯಕ್ಕನ ಕುಡುಗೋಲು ಹಗ್ಗದ ಮೇಲೆ ಹಾಗೇ ನಿಂತಿತು. ಆಕೆ ಬೀಗತಿಯನ್ನು ನೋಡಿದಳು. ಸೆರಗಿನ ಕೆಳಗೆ ಒದೆಯುತ್ತಿದ್ದ ಪಾದಗಳನ್ನು ನೋಡಿದಳು. ಆಮೇಲೆ ಕುಡುಗೋಲನ್ನು ಹಲಗೆಯ ಮೇಲಿಟ್ಟು, ಅದರ ಮೇಲೊಂದು ಗೋಣಿಚೀಲ ಹಾಕಿ, ಅದರ ಮೇಲೆ ತಾನೇ ಕೂತಳು.

"ಕಡಿಯಾಂಗಿಲ್ಲ."

"ಈಗ ಕಡೀತೀನಿ ಅಂದೆಲ್ಲ?" ಎಂದ ಜರಿ ರುಮಾಲಿನವ.

"ಮನಸ ತಿರಗ್ತು."

"ಒಂದ ತುಂಡ ಕಬ್ಬಿಣದ ಆಸೀಗಿ ಇಷ್ಟ ಮಂದೀನ ನೀರಾಗ ಕೂಡಸ್ತೀಯೇನ?"

"ಹೌದಪ್ಪಾ," ಎಂದಳು ಆಕೆ. "ಆಸಿ ಭಾಳ ನನಗ."

ಕುರಿಮರಿಗಳ ದಿನ ಹಿಂದೆ ತಿರುಗಿ ನೋಡದವಳು ಈಕೆಯೇ ಏನು ಎಂದು ನಾನು ಬಾಯಿ ಬಿಟ್ಟುಕೊಂಡು ಕೂತೆ. ಆಕೆ ತನ್ನ ಮೇಲೆ ಬಿದ್ದ ಬೈಗುಳವನ್ನು ಕುಪ್ಪಸದ ಕಣದ ಹಾಗೆ ಮಡಚಿ ಒಳಗಿಟ್ಟುಕೊಂಡಳು. ಮತ್ತೆ ಎದ್ದು, ಸೀರೆ ಬಿಗಿದು, ಜೋರಾಗಿ ಹೇಳಿದಳು.

"ಎಲ್ಲಾರೂ ಮುಂದ ಬರ್ರಿ. ದೋಣಿ ಮೂತಿಗಿ. ಯಾರೂ ನಿಂದರಬ್ಯಾಡ್ರಿ, ಕುಂತಕೊಂಡೇ ಸರೀರಿ."

"ಮುಂದ ಬಂದ್ರ ದೋಣಿ ಬಗ್ಗತದ," ಎಂದ ಜರಿ ರುಮಾಲಿನವ.

"ಬಗ್ಗಲಿ ಅಂತೇ ಕರಿಯಾಕತ್ತೀನಿ. ಬಾ ಅಣ್ಣಾ, ನಿನ್ನ ಧೋತರಕ್ಕ ಏನೂ ಆಗಾಂಗಿಲ್ಲ."

ಆಗ ನಡೆದದ್ದನ್ನು ನೆನೆಸಿದರೆ ಈಗಲೂ ನಗು ಬರುತ್ತದೆ. ಬೀಗರು ಎಂದರೆ ಎದುರುಬದುರು ಕೂತು ಗಂಟಲು ಸರಿಮಾಡಿಕೊಂಡು ಮಾತಾಡುವವರು. ಅಂದು ಎಲ್ಲರೂ ಕುಂಡೆಯ ಮೇಲೆ ತೆವಳಿಕೊಂಡು ದೋಣಿಯ ತುದಿಗೆ ಬಂದು ಒಬ್ಬರ ಮೇಲೊಬ್ಬರು ಬಿದ್ದರು. ಬೀಗತಿಯ ಮೊಳಕೈ ನನ್ನ ಪಕ್ಕೆಗೆ, ನನ್ನ ಉಂಡಿಬುಟ್ಟಿ ಅವಳ ತೊಡೆಗೆ. ಜರಿ ರುಮಾಲು ಯಾರದೋ ಮಡಿಲಲ್ಲಿ. "ನಿಮ್ಮ ಕಾಲ ತಗೀರಿ." "ಅದು ನನ್ನ ಕಾಲಲ್ರೀ, ನಿಮ್ಮದೇ." ದೋಣಿಯ ಮೂತಿ ಮುಳುಗುವಷ್ಟು ಬಗ್ಗಿತು. ನೀರು ಹಲಗೆಯ ಅಂಚಿಗೆ ಬಂತು. ಎಲ್ಲರ ಬಾಯಿ ಒಮ್ಮೆಲೇ ಬಂದ್ ಆಯಿತು.

ಆಗ ದೋಣಿಯಕ್ಕ ಹಗ್ಗದ ಸಡಿಲನ್ನೆಲ್ಲ ಎಳೆದುಕೊಂಡು, ಅದನ್ನು ನೀರಿನೊಳಗೆ ನೆಟ್ಟ ಕಂಬದ ಹಾಗೆ ನೆಟ್ಟಗೆ ಮಾಡಿ, ಮೂತಿಯ ಗೂಟಕ್ಕೆ ಸುತ್ತಿ ಬಿಗಿದಳು. ಹಗ್ಗದಿಂದ ನೀರು ಹಿಂಡಿ ಬಂತು.

"ಈಗ ಒಬ್ಬೊಬ್ಬರೇ ಹಿಂದ ಸರೀರಿ. ನಾ ಕರದಾಂಗ. ಹಿಂದಿನ ತುದಿಗಿ."

ಆಗ ನನಗೆ ತಿಳಿಯಿತು. ನಾವು ಹಿಂದೆ ಹೋದಂತೆ ಮೂತಿ ಏಳುತ್ತದೆ. ಮೂತಿ ಎದ್ದಂತೆ ಹಗ್ಗ ಜಗ್ಗುತ್ತದೆ. ಯಾವ ಗಂಡಸಿನ ತೋಳಿಗೂ ಇಲ್ಲದ ಶಕ್ತಿಯನ್ನು ಆಕೆ ನಮ್ಮೆಲ್ಲರ ಮೈಯಿಂದ ತೆಗೆಯುತ್ತಿದ್ದಳು. ಬೀಗತನ, ಜಗಳ, ಜರಿ ರುಮಾಲು, ಉಂಡಿಬುಟ್ಟಿ, ಎಲ್ಲ ಸೇರಿ ಒಂದು ಸನ್ನೆಗೋಲು.

ಮೊದಲು ಬುಟ್ಟಿಗಳು ಹೋದವು. ಆಮೇಲೆ ಜರಿ ರುಮಾಲಿನವ. ಆಮೇಲೆ ಎರಡೂ ಕಡೆಯ ಹೆಂಗಸರು. ಪ್ರತಿಯೊಬ್ಬರು ಸರಿದಾಗಲೂ ದೋಣಿ ಕಿರ್ ಎನ್ನುತ್ತಿತ್ತು. ದೋಣಿಯಕ್ಕ ಮೂತಿಯಲ್ಲಿ ಕುಕ್ಕರುಗಾಲಲ್ಲಿ ಕೂತು, ನಮಗೆ ಬೆನ್ನು ಮಾಡಿ, ಹಗ್ಗದ ಮೇಲೆ ಅಂಗೈ ಇಟ್ಟಿದ್ದಳು, ಹೊಟ್ಟೆನೋವಿನ ಕೂಸಿನ ಹೊಟ್ಟೆಯ ಮೇಲೆ ಇಟ್ಟ ಹಾಗೆ.

"ಈಗ ನೀವು ಸರೀರಿ ಅವ್ವಾರ."

ಬೀಗತಿ ಮೈಯಿಂದ ದೊಡ್ಡವಳು. ಗೊಣಗುತ್ತಾ, ಬಳೆ ಸದ್ದು ಮಾಡುತ್ತಾ ಹಿಂದೆ ಸರಿದಳು. ದೋಣಿ ತುಸು ಹೊಯ್ದಾಡಿತು, ನಿಂತಿತು. ದೋಣಿಯಕ್ಕ ತಿರುಗಲಿಲ್ಲ.

"ಬಂತೇನು?" ಎಂದು ಜರಿ ರುಮಾಲಿನವ ಕೇಳಿದ.

"ಇಲ್ಲ. ಇನ್ನಾ ಸ್ವಲ್ಪ ಭಾರ ಬೇಕು."

ನನ್ನನ್ನು ಕರೆದಳು. ನಾನೂ ಸರಿದೆ. ಬರಲಿಲ್ಲ ಎಂದು ತಲೆ ಅಲ್ಲಾಡಿಸಿದಳು. ಇನ್ನು ಮುಂದೆ ಉಳಿದದ್ದು ನನ್ನ ಮಗಳು, ಮಡಿಲಲ್ಲಿ ಕೂಸು. ಬಡಕಲು ಬಾಣಂತಿ, ಹಿಡಿಯಷ್ಟು ಕೂಸು, ಇವರಿಂದ ಏನಾಗುತ್ತದೆ? ಬೀಗತಿ ನಿಟ್ಟುಸಿರು ಬಿಟ್ಟು ಮುಳುಗುವ ಹೊತ್ತಿನ ಕಡೆ ಮುಖ ಮಾಡಿದಳು.

ದೋಣಿಯಕ್ಕ ಆಗ ತಿರುಗಿ ನಕ್ಕಳು. ಎಲೆ ಅಡಿಕೆಯ ಕೆಂಪು ಹಲ್ಲು ಎಲ್ಲ ಕಂಡವು.

"ತೊಟ್ಟಲದ ಸಾವಕಾರ್ತೀ, ಈಗ ನಿನ್ನ ಪಾಳಿ. ಬಾರವ್ವಾ, ಮೆಲ್ಲಕ."

ನನ್ನ ಮಗಳು ಕೂಸನ್ನು ಅವುಚಿಕೊಂಡು ಒಂದು ಗೇಣು ಸರಿದಳು. ಇನ್ನೊಂದು ಗೇಣು. ದೋಣಿಯ ನಡುವಿಗೆ ಬಂದದ್ದೇ ತಡ, ಎರಡೂ ದಂಡೆಗೆ ಕೇಳುವ ಹಾಗೆ ಒಂದು ಕೂಗು.

"ಬಂತು! ಬಂತು ನೋಡ್ರಿ! ಕೂಸಿನ ಭಾರಕ್ಕ ಬಂತು!"

ಗೂಟದಿಂದ ಹಗ್ಗ ಬಿಚ್ಚಿ ಸರಸರ ಎಳೆದಳು. ಪಾಚಿ ಸುತ್ತಿದ ಲಂಗರು ನೀರು ಸುರಿಸುತ್ತಾ ಮೇಲೆ ಬಂತು. ಒಂದು ಕೊಕ್ಕೆ ಕಲ್ಲಿಗೆ ಉಜ್ಜಿ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ದೋಣಿ ತೇಲಿತು. ಮುತ್ತೈದೆಯರು ಗಂಗವ್ವನಿಗೆ ಜಯವಾಗಲಿ ಎಂದು ಕೂಗಿದರು. ಜರಿ ರುಮಾಲಿನವನು ತಾನೇ ಒಂದು ಹುಟ್ಟು ಹಿಡಿದ.

ಬೀಗತಿ ಮಾತ್ರ ಲಂಗರನ್ನೇ ನೋಡುತ್ತಿದ್ದಳು.

"ಖರೇನ ಯಕ್ಕಾ? ಕೂಸಿನ ಭಾರಕ್ಕೇನ?"

"ನೀವೇ ಕುಂತ ನೋಡಿದ್ರೆಲ್ಲ ಅವ್ವಾರ. ನಿಮ್ಮ ಮಗ ಸರದ, ಬರಲಿಲ್ಲ. ನೀವು ಸರದ್ರಿ, ಬರಲಿಲ್ಲ. ಇಷ್ಟ ಮಂದಿ ದೊಡ್ಡೋರ ಕೈಲೆ ಆಗದ್ದು ನಿಮ್ಮ ಮೊಮ್ಮಗಳು ಮಾಡಿದ್ಳು. ಇಂಥಾ ಕಾಲ್ಗುಣ ನಾ ಈ ಹೊಳಿ ಮ್ಯಾಲ ನೋಡಿದ್ದೇ ಇಲ್ಲ."

ಬೀಗತಿ ಹೊಳೆಗೆ ಕೈ ಮುಗಿದಳು. ಆಮೇಲೆ ಎರಡೂ ಕೈ ಚಾಚಿದಳು. "ತಾ ಇಲ್ಲೆ. ನನ್ನ ಬಂಗಾರಾನ ನನ್ನ ಕಡಿ ತಾ," ಎಂದು ನನ್ನ ಮಗಳಿಂದ ಕೂಸನ್ನು ತೆಗೆದುಕೊಂಡಳು. ದಂಡೆ ಮುಟ್ಟಿದರೂ ಕೊಡಲಿಲ್ಲ. ಬಂಡಿಯಲ್ಲೂ ಕೊಡಲಿಲ್ಲ. ದೀಪ ಹಚ್ಚುವುದಕ್ಕೆ ಸ್ವಲ್ಪ ಮೊದಲು ತಾನೇ ಎತ್ತಿಕೊಂಡು ಹೊಸ್ತಿಲು ದಾಟಿದಳು. ಬಾಗಿಲಲ್ಲಿ ನೆರೆದವರಿಗೆಲ್ಲ, "ಹಾದಿ ಬಿಡ್ರಿ, ಲಂಗರ ಎತ್ತಿದಾಕಿ ಬರಾಕತ್ಯಾಳ," ಎಂದಳು.

ಆ ದಿನದಿಂದ ಆ ಮನೆಯಲ್ಲಿ ನನ್ನ ಮೊಮ್ಮಗಳು ಮುಟ್ಟಿದ್ದೆಲ್ಲ ಒಳ್ಳೆಯದೇ. ಮುಂದಿನ ವರ್ಷ ಆಕಳು ಹೆಣ್ಣುಕರು ಹಾಕಿತು, ಅವಳ ಕಾಲ್ಗುಣ. ಹತ್ತಿ ಚೆನ್ನಾಗಿ ಬಂತು, ಅವಳ ಕಾಲ್ಗುಣ. ಮಳೆ ಕೈಕೊಟ್ಟ ವರ್ಷ, "ಈಕಿ ಇದ್ದದ್ದಕ್ಕ ಇಷ್ಟಾದ್ರೂ ಬಂತು," ಎಂದಳು ಬೀಗತಿ. ಅವಳು ಹೇಳಿ ಹೇಳಿ ಲಂಗರು ವರ್ಷಕ್ಕೊಮ್ಮೆ ದಪ್ಪವಾಗುತ್ತಾ ಬಂದು, ಈಗ ಆ ಊರಿನಲ್ಲಿ ಅದು ಎಂಟು ಮಂದಿ ಎತ್ತಲಾರದ್ದು. ಹುಡುಗಿ ಶಾಲೆಗೆ ದೂರ ಹೋಗಬೇಕಾಗಿ ಬಂದಾಗ ಮನೆಯ ಗಂಡಸರು ಹಿಂದೆಮುಂದೆ ನೋಡಿದರು. ಬೀಗತಿಯೇ ಗದರಿದಳು. "ಅಕೀ ಕಾಲಿಟ್ಟಲ್ಲಿ ಚಲೋ ಆಗತದ. ತಡದ್ರ ನಮಗೇ ಕೆಟ್ಟದ್ದು." ಬೀದರಿಗೂ ಅದೇ ಮಾತಿನ ಮೇಲೆ ಕಳಿಸುತ್ತಿದ್ದಾಳೆ. ಅವಳ ಪ್ರೀತಿ ಸುಳ್ಳಲ್ಲ, ನಾನು ಕಣ್ಣಾರೆ ನೋಡಿದ್ದೇನೆ. ಜ್ವರ ಬಂದರೆ ರಾತ್ರಿಯೆಲ್ಲ ಹಣೆಗೆ ಬಟ್ಟೆ ಹಾಕಿದವಳು ಅವಳೇ.

ಇನ್ನು ಹೇಳುವುದನ್ನು ಓದಿದವರು ದಯಮಾಡಿ ಆಚೆ ದಂಡೆಯಲ್ಲಿ ಹೇಳಬೇಡಿ. ಬೀಗತಿಗೆ ಓದಲು ಬರುವುದಿಲ್ಲ, ಅಷ್ಟು ಸಾಕು. ಮೊಮ್ಮಗಳು ಈ ಬರಹ ತಿದ್ದುವಾಗ ಅವಳಿಗೆ ಗೊತ್ತಾಗುತ್ತದೆ. ಅವಳಿಗೆ ಗೊತ್ತಾಗಲಿ.

ಸೇತುವೆ ಆದ ಮೇಲೆ ಕಡವು ನಿಂತಿತು. ದೋಣಿಯಕ್ಕ ಮನೆ ಸೇರಿದಳು. ಆಕೆ ತೀರಿಕೊಳ್ಳುವ ಮೊದಲಿನ ಬೇಸಿಗೆಯಲ್ಲಿ ನೋಡಲು ಹೋಗಿದ್ದೆ. ಮಂಚದ ಮೇಲೆ ಕೂತಿದ್ದಳು, ಕಣ್ಣು ಮಂದವಾಗಿತ್ತು, ಬಾಯಿ ಹಾಗೇ ಇತ್ತು. ಏನೇನೋ ಮಾತಾಡಿದೆವು. ಏಳುವ ಮುಂಚೆ, ಇಷ್ಟು ವರ್ಷ ಕೇಳದಿದ್ದುದನ್ನು ಕೇಳಿಬಿಟ್ಟೆ.

"ಯಕ್ಕಾ, ಅವತ್ತ ಖರೇನೇ ಕೂಸಿನ ಭಾರಕ್ಕ ಬಂತೇನು?"

ಆಕೆ ಎಲೆಗೆ ಸುಣ್ಣ ಸವರುತ್ತಿದ್ದಳು. ಕೈ ನಿಂತಿತು. ಮೈಯೆಲ್ಲ ಅಲುಗುವ ಹಾಗೆ ನಗತೊಡಗಿದಳು.

"ಹುಚ್ಚೀ, ಅದು ನಿನ್ನ ಬೀಗತಿ ಹಿಂದ ಸರದಾಗೇ ಬಿಟ್ಟಿತ್ತು. ಅಕೀ ಸರದ್ಳು, ಹಗ್ಗ ಒಮ್ಮಿ ನಡಗಿ ಬ್ಯಾರೇ ಆತು. ಕೊಕ್ಕಿ ಸಂದ್ಯಾಗಿಂದ ಹೊರಗ ಬಂದಿತ್ತು, ಬರೇ ಅದರ ತೂಕಕ್ಕ ತಳದಾಗ ಬಿದ್ದಿತ್ತು. ಅಂಗೈಗೆ ತಿಳೀತು. ಬಾಯಿ ಮುಚಗೊಂಡ ಕುಂತೆ."

ಗಂಗವ್ವ ಕೂಸನ್ನು ತಡೆದಿದ್ದಾಳೆ ಎಂದವಳ ಮೈಭಾರಕ್ಕೇ ಲಂಗರು ಬಿಟ್ಟಿತ್ತು. ಅದನ್ನು ಅಂಗೈಯಲ್ಲಿ ಅಡಗಿಸಿಕೊಂಡು, ನನ್ನನ್ನು ಕರೆದು, ತಲೆ ಅಲ್ಲಾಡಿಸಿ, ಕೊನೆಗೆ ಕೂಸನ್ನು ಕರೆದಿದ್ದಳು.

"ಮತ್ತ ಅಕೀಗೇ ಹೇಳಬಹುದಿತ್ತಲ್ಲ ಯಕ್ಕಾ, ನಿಮ್ಮ ಭಾರಕ್ಕೇ ಬಂತು ಅಂತ?"

ದೋಣಿಯಕ್ಕ ಎಲೆ ಮಡಚಿ ನನ್ನ ಕೈಗಿಟ್ಟಳು.

"ಅಕೀ ಆ ಮನಿಗಿ ಬಂದು ಎಷ್ಟ ವರ್ಷ ಆಗಿತ್ತು, ಅಕೀಗಿ ಕಾಲ್ಗುಣ ಯಾಕ ಬೇಕಾಗಿತ್ತು? ಕೂಸು ಹೊಸಾದು."